ಇವರ ಹಿಂದೆ ಹೊರಟ ಮೆರವಣಿಗೆ

ನಮ್ಮೂರಲ್ಲಿ ಬೇಗ ನಡೆಯಬಾರದು. ಕಾನೂನೇನೂ ಇಲ್ಲ, ದಂಡವನ್ನೂ ಯಾರೂ ಹಾಕುವುದಿಲ್ಲ. ಆದರೆ ತಲೆಯೆತ್ತಿಕೊಂಡು, ಎಲ್ಲಿಗೋ ತುರ್ತಾಗಿ ಹೋಗಬೇಕು ಅನ್ನುವ ಹಾಗೆ ನಾಲ್ಕು ಹೆಜ್ಜೆ ಬಿರುಸಾಗಿ ಹಾಕಿದಿರೋ, ಕೆಟ್ಟಿರಿ. ಹಿಂದೆ ಒಬ್ಬ ಬಂದು ಸೇರಿಕೊಳ್ಳುತ್ತಾನೆ. ಅವನ ಹಿಂದೆ ಇಬ್ಬರು. ಬೀದಿಯ ತಿರುವು ಬರುವಷ್ಟರಲ್ಲಿ ಒಂದು ಮೆರವಣಿಗೆಯೇ ಆಗಿರುತ್ತದೆ. ಸೇರಿಕೊಂಡವರದೂ ತಪ್ಪಿಲ್ಲ, ಪಾಪ. ಹಾಲಿಗೋ ಕ್ಷೌರಕ್ಕೋ ಹೊರಟವರು. ಕಾಲು ತಾನಾಗಿ ಎಳೆದುಕೊಂಡು ಹೋಗುತ್ತದೆ. ಬಾಯಿ ಮಾತ್ರ ಅವರವರದೇ. ಸುಮ್ಮನೆ ನಡೆದರೆ ಬೇಜಾರಲ್ಲವೇ, ಅದಕ್ಕೆ ಮನಸ್ಸಿಗೆ ಬಂದದ್ದು ಕೂಗುತ್ತಾರೆ. ಒಮ್ಮೆ ಹಿಡಿದ ಮೇಲೆ ನೀವು ನಿಧಾನ ಮಾಡಿದರೂ ಬಿಡುವುದಿಲ್ಲ. ಮುಂದಿರುವವರು ಸೇರಬೇಕಾದ ಜಾಗ ಸೇರಿ, ನಾಲ್ಕು ಮಾತು ಗಟ್ಟಿಯಾಗಿ ಆಡಿ ಮುಗಿಸಿದಾಗಲೇ ಹಿಂದಿನವರ ಕಾಲಿಗೆ ಬಿಡುಗಡೆ.

ನಮ್ಮ ಬೀದಿಯ ಕಾತ್ಯಾಯಿನಿ ಒಂದು ದಿನ ಒಲೆಯ ಮೇಲೆ ಸಾರಿಟ್ಟು ಕೊತ್ತಂಬರಿ ಸೊಪ್ಪಿಗೆ ಅಂತ ಓಡಿದವಳು, ಮಾರ್ಕೆಟ್ಟು ತಲುಪುವ ಹೊತ್ತಿಗೆ ಹಿಂದೆ ನೂರಾರು ಜನ. "ಬೇಕೇ ಬೇಕು, ನ್ಯಾಯ ಬೇಕು" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಾರೆ. ಅವಳೋ ಗಂಡನ ಹತ್ತಿರವೂ ಗಟ್ಟಿಯಾಗಿ ಮಾತಾಡಿದವಳಲ್ಲ. ಸೊಪ್ಪಿನ ಗಾಡಿಯ ಮುಂದೆ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡು, "ಕಟ್ಟಿಗೆ ಇಪ್ಪತ್ತು ರೂಪಾಯಿ ಅಂದ್ರೆ ಅನ್ಯಾಯ ಕಣ್ರಪ್ಪಾ" ಅಂದಳು. ಆವತ್ತು ಸಂಜೆಯೇ ಸೊಪ್ಪಿನ ಬೆಲೆ ಇಳಿಯಿತು. ಸಾರು ಮಾತ್ರ ಬತ್ತಿ ಪಾತ್ರೆ ಕರಿಕಾಗಿತ್ತು.

ಹಾಗಾಗಿ ನಾವೆಲ್ಲ ಒಂದು ನಡಿಗೆ ಕಲಿತುಕೊಂಡಿದ್ದೇವೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಪಕ್ಕಕ್ಕೆ. ಚಪ್ಪಲಿಯ ಉಂಗುಷ್ಟ ಕಿತ್ತುಹೋದಂತೆ ಬಗ್ಗುವುದು, ಆಕಾಶ ನೋಡುವುದು, ಏನನ್ನೋ ಮರೆತು ಬಂದಂತೆ ಹಿಂದಕ್ಕೆ ತಿರುಗುವುದು. ಡಾಕ್ಟರು ತುರ್ತಾಗಿ ಎಲ್ಲಿಗಾದರೂ ಹೋಗಬೇಕಾದರೆ ತಳ್ಳುಗಾಡಿಯಲ್ಲಿ ಕಣ್ಣು ಮುಚ್ಚಿ ಮಲಗಿಕೊಂಡು ಹೋಗುತ್ತಾರೆ. ರೋಗಿಯ ಮನೆಯವರು ಯಾರು ಮಲಗಬೇಕಾದವರು ಅಂತ ಗಾಬರಿಯಾದದ್ದೂ ಉಂಟು. ಹೊರಗಿನಿಂದ ಬಂದ ನೆಂಟರು ಊರಿಗೂರೇ ಮಂಡಿನೋವು ಅಂದುಕೊಂಡು ಹೋಗುತ್ತಾರೆ.

ಇನ್ನು ನಮ್ಮ ವಿಷಯ. ನಾನು ಮಿಲ್ಕಾ. ಊರವರ ಬಾಯಲ್ಲಿ ಮಿಲ್ಕಕ್ಕ. ನಮ್ಮವರ ಹೆಸರು ಹಸ್ಕೇಲ್. ನಮ್ಮದು ಎಣ್ಣೆಯ ಗಾಣ, ಅದರ ಮುಂದೆಯೇ ಅಂಗಡಿ. ನಾವು ಯೆಹೂದಿಗಳು. ಊರವರು ನಮ್ಮ ದೇವರ ಬಗ್ಗೆ ಎಂದೂ ತಲೆ ಕೆಡಿಸಿಕೊಂಡವರಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ, ನಮ್ಮ ಅಂಗಡಿ ಶನಿವಾರ ತೆಗೆಯುವುದಿಲ್ಲ. ನಮ್ಮ ಆ ವಿಶ್ರಾಂತಿಯ ದಿನಕ್ಕೆ ಶಬ್ಬಾತ್ ಅನ್ನುವುದು ಅವರ ನಾಲಿಗೆಗೆ ಹತ್ತಲಿಲ್ಲ, "ಶನಿವಾರದ ಗಾಣದವರು" ಅಂತ ಹೆಸರಿಟ್ಟರು. ಶುಕ್ರವಾರ ಸಂಜೆ ಎಣ್ಣೆ ತಂದಿಟ್ಟುಕೊಳ್ಳದೆ ಶನಿವಾರ ಬೋಂಡಾ ಕರಿಯಲು ಹೊರಟ ಹೆಂಗಸಿಗೆ ಅತ್ತೆಯಿಂದ ಬೈಗುಳ ತಪ್ಪಿದ್ದಲ್ಲ.

ಇವರದು ದೊಡ್ಡ ಶರೀರ, ಸಣ್ಣ ದನಿ. ತಲೆಯ ಮೇಲೆ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ಸಣ್ಣ ದುಂಡು ಟೋಪಿ ಇದ್ದೇ ಇರಬೇಕು. ನಮ್ಮಲ್ಲಿ ಅದಕ್ಕೆ ಕಿಪ್ಪಾ ಅನ್ನುತ್ತಾರೆ. ಬರಿದಲೆಯಲ್ಲಿ ದೇವರ ಕಣ್ಣ ಮುಂದೆ ಓಡಾಡಬಾರದು ಅಂತ. ಉಳಿದವರದು ಕಪ್ಪೋ ಬಿಳಿಯೋ ಇರುತ್ತದೆ. ಇವರದು ನೇರಳೆ ವೆಲ್ವೆಟ್ಟು, ಸುತ್ತ ಜರಿಯ ಅಂಚು. ನಮ್ಮತ್ತೆ ರಾಹೇಲಮ್ಮ ತಮ್ಮ ರವಿಕೆ ಹೊಲಿದು ಉಳಿದ ಬಟ್ಟೆಯಲ್ಲಿ ಹೊಲಿದದ್ದು. ಬೀದಿಯ ಆ ತುದಿಯಿಂದಲೇ ಇವರು ಬರುವುದು ಗೊತ್ತಾಗುತ್ತದೆ.

ಹೀಗಿರುವಾಗ ಸಮುದ್ರದಾಚೆ ಯುದ್ಧ ಶುರುವಾಯಿತು. ನಮ್ಮ ಪ್ರಾರ್ಥನೆಗಳಲ್ಲಿ ಹೆಸರು ಬರುವ ಆ ನಾಡಿನಲ್ಲೇ. ನಾವೋ ಎರಡು ಸ್ಟೇಷನ್ ಆಚೆಯ ಮದುವೆಗೂ ಹೋಗಿ ಬಂದವರಲ್ಲ. ಟೀವಿಯಲ್ಲಿ ಎರಡೂ ಕಡೆಯ ಮಕ್ಕಳನ್ನು ನೋಡಿ ನಾನು ಊಟ ಬಿಟ್ಟು ಎದ್ದಿದ್ದೇನೆ. ನಮ್ಮೂರು ಮಾತ್ರ ತಾನೇ ಯುದ್ಧಕ್ಕೆ ಹೊರಟಂತೆ ಎರಡು ಪಾಲಾಯಿತು. ಉಮಾಪತಿ ಮೇಷ್ಟ್ರು 'ಯುದ್ಧ ನಿಲ್ಲಿಸಿ ಸಮಿತಿ' ಮಾಡಿದರು, ನರಹರಿ ವಕೀಲರು 'ಬೆಂಬಲ ಬಳಗ' ಮಾಡಿದರು. ಮೇಷ್ಟ್ರು ಒಳ್ಳೆಯವರೇ. ಯುದ್ಧ ನಿಲ್ಲಲಿ ಅಂತ ಅವರು ಹೇಳುತ್ತಿದ್ದುದನ್ನೇ ನಾನೂ ದಿನಾ ದೀಪದ ಮುಂದೆ ಹೇಳುತ್ತಿದ್ದೆ. ಆದರೆ ಅವರ ಹಿಂದೆ ಸೇರಿದ ಕೆಲವರಿಗೆ ಅಷ್ಟಕ್ಕೆ ನಿಲ್ಲಲು ಬರಲಿಲ್ಲ. ಸಮುದ್ರದಾಚೆಯದು ಕಣ್ಣಿಗೆ ಕಾಣುವುದಿಲ್ಲ; ನೇರಳೆ ಟೋಪಿ ಕಾಣುತ್ತದೆ.

"ಏನ್ರೀ ಹಸ್ಕೇಲ್, ನಿಮ್ಮೋರು ಹಿಂಗೆಲ್ಲಾ ಮಾಡ್ಬೋದಾ?" ಅಂತ ಅರ್ಧ ಲೀಟರು ಕಡಲೆಕಾಯಿ ಎಣ್ಣೆಗೆ ಬಂದವರು ಕೇಳುವರು.

ಇವರಿಗೆ ನಿಜವಾಗಿಯೂ ಗಾಬರಿ. "ನಮ್ಮೋರು ಅಂದ್ರೆ ನನ್ ಭಾಮೈದನಾ? ಏನ್ ಮಾಡ್ದ ಅವ್ನು?"

ಇನ್ನೊಂದು ಕಡೆಯವರದು ಬೇರೆಯೇ ಕಾಟ. ವಕೀಲರು ಅಂಗಡಿಗೆ ನುಗ್ಗಿ ಇವರನ್ನು ತಬ್ಬಿಕೊಂಡು, "ಭೇಷ್! ನಿಮ್ ಸೈನ್ಯ ಅಂದ್ರೆ ಸೈನ್ಯ!" ಅಂದರು. "ಸ್ವಾಮಿ, ನನ್ ಹತ್ರ ಸೈನ್ಯ ಇಲ್ಲ, ಒಂದ್ ಗಾಣ ಇದೆ. ಅದೂ ಕೆಟ್ಟು ಕೂತಿದೆ" ಅಂದರು ಇವರು. ವಕೀಲರು ಕೇಳಬೇಕಲ್ಲ! ಬೆಂಬಲ ತೋರಿಸಲು ಹತ್ತು ಲೀಟರು ಕೊಬ್ಬರಿ ಎಣ್ಣೆ ಕೊಂಡುಕೊಂಡು ಹೋದರು. ಅವರ ತಲೆಯಲ್ಲಿ ಹುಡುಕಿದರೂ ಒಂದು ಕೂದಲಿಲ್ಲ.

ಇದನ್ನೆಲ್ಲ ಹೇಳಿಕೊಂಡು ನಾವು ನಗುತ್ತಲೇ ಇದ್ದೆವು. ಒಂದು ಬೆಳಿಗ್ಗೆ ಅಂಗಡಿಯ ಷಟರಿನ ಮೇಲೆ ಯಾರೋ ಟಾರಿನಲ್ಲಿ 'ರಕ್ತದ ಎಣ್ಣೆ' ಅಂತ ಬರೆದು ಹೋಗಿದ್ದರು. ಇವರು ಸೀಮೆಎಣ್ಣೆ ಹಾಕಿ ಉಜ್ಜಿದರು. ಅರ್ಧ ದಿನ ಉಜ್ಜಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಮೇಲೆ ನಗು ಬರಲಿಲ್ಲ. ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ.

ಇಂಥದ್ದರಲ್ಲಿ ತೀರಿಕೊಂಡ ಅತ್ತೆಯ ವರ್ಷದ ದಿನ ಬಂತು. ಆವತ್ತು ಮಗನಾದವನು ಪ್ರಾರ್ಥನೆ ಮನೆಯಲ್ಲಿ ನಿಂತು, ಸತ್ತವರ ನೆನಪಿಗೆ ಹೇಳುವ ಕದ್ದೀಷ್ ಪ್ರಾರ್ಥನೆ ಹೇಳಬೇಕು. ಅದನ್ನು ಒಬ್ಬನೇ ಮನೆಯ ಮೂಲೆಯಲ್ಲಿ ಕೂತು ಹೇಳಿಕೊಳ್ಳುವ ಹಾಗಿಲ್ಲ. ಹತ್ತು ಜನ ಗಂಡಸರಿರಬೇಕು, ಒಬ್ಬ ಕಡಿಮೆಯಾದರೂ ನಡೆಯುವುದಿಲ್ಲ. ಹೆಂಗಸರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದಿದ್ದರೆ ನಾನು, ನನ್ನ ಓರಗಿತ್ತಿ, ಅವಳ ಸೊಸೆಯರು ಸೇರಿ ಯಾವತ್ತೋ ಮುಗಿಸಿಕೊಡುತ್ತಿದ್ದೆವು. ಊರಲ್ಲಿ ನಮ್ಮ ಗಂಡಸರು ಇರುವುದೇ ಇವರೂ ಸೇರಿ ಹತ್ತು ಜನ. ಒಬ್ಬರಿಗೆ ನೆಗಡಿಯಾದರೆ ದೇವರಿಗೂ ರಜೆ.

ಆ ದಿನ ಬಿದ್ದದ್ದು ಶನಿವಾರ. ಶನಿವಾರ ನಾವು ಗಾಡಿ ಹತ್ತುವುದಿಲ್ಲ, ನಡೆದೇ ಹೋಗಬೇಕು. ಪ್ರಾರ್ಥನೆ ಮನೆ ಇರುವುದು ದೊಡ್ಡ ಚೌಕದ ಆಚೆ. ಅದೇ ಶನಿವಾರ ಬೆಳಿಗ್ಗೆ ಅದೇ ಚೌಕದಲ್ಲಿ ಸಮಿತಿಯವರ ಪ್ರತಿಭಟನೆ. ಅವರಿಗೆ ಎದುರಾಗಿ ಬಳಗದವರದೂ ಪ್ರತಿಭಟನೆ.

ನಮ್ಮಲ್ಲೆಲ್ಲ ಹಿರಿಯರು ಬಿನ್ಯಾಮಜ್ಜ. ಅವರು ಮನೆಮನೆಗೂ ಹೇಳಿ ಕಳಿಸಿದರು: ಎಲ್ಲರೂ ಬನ್ನಿ, ಆದರೆ ಯಾರಿಗೂ ಗುರುತು ಸಿಗದ ಹಾಗೆ ಬನ್ನಿ, ಟೋಪಿ ಕಾಣದಿರಲಿ. ನಾನು ಪೆಟ್ಟಿಗೆಯಿಂದ ಇವರ ಹಳೆಯ ಮಂಕಿ ಕ್ಯಾಪು ತೆಗೆದು ಕೊಡವಿ ಮುಂದಿಟ್ಟೆ.

"ಇದೇನೇ?" ಅಂದರು.

"ಇದನ್ನ ಟೋಪಿ ಮೇಲೆ ಹಾಕ್ಕೊಳ್ಳಿ. ಟೋಪಿನೂ ಇದ್ದಂಗಾಯ್ತು, ಜೀವನೂ ಇದ್ದಂಗಾಯ್ತು."

"ಬಿಸ್ಲಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡ್ ಹೋದ್ರೆ ಕಳ್ಳ ಅಂತ ಹಿಡೀತಾರೆ."

"ಕಳ್ಳ ಅಂತ ಹಿಡಿದ್ರೆ ಠಾಣೆಗೆ ಕರ್ಕೊಂಡ್ ಹೋಗ್ತಾರೆ. ಈ ಟೋಪಿ ನೋಡಿ ಹಿಡಿದ್ರೆ ಎಲ್ಲಿಗೆ ಕರ್ಕೊಂಡ್ ಹೋಗ್ತಾರೋ ಯಾರಿಗ್ ಗೊತ್ತು?"

ಇವರು ಮಂಕಿ ಕ್ಯಾಪನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ ಆ ಸಣ್ಣ ದನಿಯಲ್ಲಿ, "ಅಮ್ಮನಿಗೆ ಕದ್ದೀಷ್ ಹೇಳೋಕೆ ಕಳ್ಳನ ಥರ ಹೋಗ್ಲಾ ಮಿಲ್ಕಾ? ಅವ್ಳು ಹೊಲಿದ ಟೋಪಿ ಮುಚ್ಕೊಂಡು? ವರ್ಷಕ್ಕೊಂದ್ ದಿನ ಕಣೇ" ಅಂದರು. ಇವರು ಜಗಳ ಆಡಿದರೆ ನಾನು ಗೆಲ್ಲುತ್ತೇನೆ, ಇವರು ಹೀಗೆ ಮಾತಾಡಿದರೆ ನನ್ನ ಕೈಯಲ್ಲಾಗುವುದಿಲ್ಲ. ಮಂಕಿ ಕ್ಯಾಪನ್ನು ಪೆಟ್ಟಿಗೆಗೆ ಎಸೆದು, ಹಾಗಾದರೆ ನಾನೂ ಬರುತ್ತೇನೆ ಅಂದೆ.

ಬೆಳಿಗ್ಗೆ ಹೊರಟೆವು. ನಮ್ಮೂರಿನ ಆ ನಡಿಗೆಯನ್ನು ಅಷ್ಟು ಶ್ರದ್ಧೆಯಿಂದ ನಡೆದವರು ಯಾರೂ ಇರಲಾರರು. ಇವರು ಪ್ರತಿ ಅಂಗಡಿಯ ಮುಂದೆ ನಿಂತರು. ಟೈಲರ ಅಂಗಡಿಯ ಗೊಂಬೆಯ ಲಂಗ ನೋಡಿದರು. ಬಳೆ ಅಂಗಡಿಯ ಮುಂದೆ ಅಷ್ಟು ಹೊತ್ತು ನಿಂತದ್ದಕ್ಕೆ ಬಳೆಗಾರ ಒಳ್ಳೆ ಗಿರಾಕಿ ಅಂತ ಮೂರು ಡಜನ್ ಬಿಚ್ಚಿ ಹರಡಿ ಕೂತ. ಶಬ್ಬಾತ್ ದಿನ ದುಡ್ಡು ಮುಟ್ಟುವಂತಿಲ್ಲ, ನಾನು ಕೈಗೆ ಹಸಿರು ಬಳೆ ಏರಿಸಿಕೊಂಡು ಮತ್ತೆ ಇಳಿಸಿಕೊಟ್ಟೆ. ಅವನು ಬಾಯಿ ಬಿಟ್ಟು ಬೈಯಲಿಲ್ಲ ಅಷ್ಟೇ. ಇಷ್ಟೆಲ್ಲ ಮಾಡಿ ಚೌಕದ ಅಂಚಿಗೆ ಬರುವಷ್ಟರಲ್ಲಿ ಗಡಿಯಾರದ ಕಂಬ ಹೊಡೆಯಿತು. ಬಿನ್ಯಾಮಜ್ಜ ಯಾರಿಗೂ ಕಾಯುವವರಲ್ಲ. ಹತ್ತು ಜನ ಆಗದಿದ್ದರೆ ಪುಸ್ತಕ ಮುಚ್ಚಿ ಮನೆಗೆ ಕಳಿಸಿಬಿಡುತ್ತಾರೆ.

ಇವರು ಗಡಿಯಾರ ನೋಡಿದರು. ಟೋಪಿ ಸರಿಮಾಡಿಕೊಂಡರು. ತಲೆ ಎತ್ತಿದರು. "ಅಯ್ಯೋ ರೀ, ಬೇಡ ರೀ" ಅನ್ನುವಷ್ಟರಲ್ಲಿ ಹೆಜ್ಜೆ ಹಾಕಿಯೇಬಿಟ್ಟರು.

ಚೌಕದ ಎಡಕ್ಕೆ ಸಮಿತಿಯವರು ಜಮಖಾನೆ ಹಾಸಿಕೊಂಡು ಕೂತಿದ್ದರು, ಬಲಕ್ಕೆ ಬಳಗದವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ಮೈಕು ಯಾರದು ಅಂತ ಮೇಷ್ಟ್ರಿಗೂ ವಕೀಲರಿಗೂ ವಾಗ್ವಾದ ನಡೆದಿತ್ತು. ಇಬ್ಬರ ನಡುವಿನ ದಾರಿಯಲ್ಲಿ ಇವರು ಬಿರಬಿರನೆ ಹೊರಟರು. ಎಡಗಡೆಯ ಜಮಖಾನೆಯಿಂದ ಸಾಲಾಗಿ ಎದ್ದರು. ಬಲಗಡೆಯ ಕುರ್ಚಿಗಳು ಕಿರ್‌ ಅಂದವು. ಮೇಷ್ಟ್ರು ಕೈಯಲ್ಲಿ ಮೈಕು ಹಿಡಿದುಕೊಂಡೇ ಹೊರಟರು; ತಂತಿ ಎಳೆದು ಎಳೆದು ಕೊನೆಗೆ ಪಟ್ಟಂತ ಕಿತ್ತು ಬಂತು. ವಕೀಲರು ಯಾರಿಗೋ ಹಾಕಲು ಇಟ್ಟುಕೊಂಡಿದ್ದ ಹಾರದೊಡನೆ ಹೊರಟರು. ಎರಡೂ ಪಂಗಡದವರು ಒಬ್ಬರ ಬಾವುಟ ಒಬ್ಬರ ಮೂಗಿಗೆ ತಾಗಿಸಿಕೊಂಡು ನಮ್ಮ ಮನೆಯವರ ಹಿಂದೆ.

"ನಿಲ್ಲಿಸಿ ನಿಲ್ಲಿಸಿ, ಯುದ್ಧ ನಿಲ್ಲಿಸಿ!" ಅಂತ ಎಡಗಡೆಯವರು. "ಗೆಲ್ಲಿಸಿ ಗೆಲ್ಲಿಸಿ, ನಮ್ಮವರನ್ನ ಗೆಲ್ಲಿಸಿ!" ಅಂತ ಬಲಗಡೆಯವರು. ಎಲ್ಲರಿಗಿಂತ ಮುಂದೆ ಬೆವರು ಸುರಿಸಿಕೊಂಡು, ಜರಿಯ ಟೋಪಿ ಮಿಂಚಿಸಿಕೊಂಡು, ಯಾವ ಬಾವುಟವೂ ಇಲ್ಲದೆ ಇವರು. ಹೊಸದಾಗಿ ನೋಡಿದವರು ಇವರೇ ಎರಡೂ ಕಡೆಯ ನಾಯಕರು ಅಂದುಕೊಳ್ಳಬೇಕು. ಬಾಳೆಹಣ್ಣಿನ ಗಾಡಿಯವನೂ ಸೇರಿಕೊಂಡ, ಅವನ ಗಾಡಿಗೆ ಬಾಯಿ ಹಾಕಿದ್ದ ಎಮ್ಮೆಯೂ ಸೇರಿಕೊಂಡಿತು.

ನಾನು ಸೆರಗು ಬಿಗಿದುಕೊಂಡು ಇವರ ಪಕ್ಕಕ್ಕೆ ಓಡಿದೆ. "ರೀ, ನಿಲ್ಬೇಡಿ. ತಿರುಗಿ ನೋಡ್ಬೇಡಿ."

"ಎಷ್ಟ್ ಜನ ಇದಾರೆ?"

"ಕೆಲವ್ರಿದಾರೆ" ಅಂದೆ. ಬೀದಿ ತುಂಬಿ ಹೋಗಿತ್ತು.

ಆಗಲೇ ಹಿಂದಿನಿಂದ ಒಂದು ಗಂಟಲು ಎದ್ದಿತು. "ಊರು ಬಿಟ್ಟು ತೊಲಗಲಿ!" ಒಂದಷ್ಟು ಬಾಯಿಗಳು ಹಿಡಿದುಕೊಂಡವು: "ತೊಲಗಲಿ, ತೊಲಗಲಿ!" ಮೇಷ್ಟ್ರು "ಏಯ್, ಅದು ನಮ್ ಘೋಷಣೆ ಅಲ್ಲ, ಅದನ್ನ ಕೂಗ್ಬೇಡ್ರೋ" ಅಂತ ಸತ್ತ ಮೈಕಿನಲ್ಲಿ ಕೂಗಿದರು, ಯಾರಿಗೂ ಕೇಳಲಿಲ್ಲ. ತೊಲಗಲಿ ಅನ್ನುತ್ತಿದ್ದವರ ಕಾಲು ಮಾತ್ರ ಒಂದು ಹೆಜ್ಜೆ ತಪ್ಪದೆ ಇವರ ಹಿಂದೆಯೇ ಬರುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಆ ಗಂಟಲು ನನಗೆ ಗುರುತಿತ್ತು. ಗುರುಪಾದನದು. ನಾಲ್ಕು ಹಸು ಕಟ್ಟಿಕೊಂಡು ಹಾಲು ಮಾರುವವನು, ಪ್ರತಿ ಸೋಮವಾರ ನಮ್ಮ ಅಂಗಡಿಗೆ ಹಿಂಡಿಗೆ ಬರುವವನು. ಅತ್ತೆ ತೀರಿಕೊಂಡಾಗ ನಾವು ನಮ್ಮ ಪದ್ಧತಿಯಂತೆ ಏಳು ದಿನ ನೆಲದ ಮೇಲೆ ಕೂತಿದ್ದೆವಲ್ಲ, ಒಲೆ ಹಚ್ಚದ ಮನೆಗೆ ಏಳು ದಿನವೂ ಬಿಸಿ ಹಾಲು ತಂದಿಟ್ಟವನು ಅವನೇ. ಟಾರು ಬಳಿದವನು ಯಾರೋ ಗೊತ್ತಿಲ್ಲದವನು ಅಂತ ಸಮಾಧಾನ ಮಾಡಿಕೊಂಡಿದ್ದೆ. ಇದಕ್ಕೆ ಯಾವ ಸಮಾಧಾನ? ಬೀದಿಯ ನಡುವೆಯೇ ಅತ್ತುಬಿಟ್ಟೆ.

ಇವರೂ ಕೇಳಿಸಿಕೊಂಡಿದ್ದರು. ಟೋಪಿ ಬೀಳುವಂತಿರಲಿಲ್ಲ, ಆದರೂ ಅದರ ಮೇಲೆ ಒಂದು ಕೈ ಇಟ್ಟುಕೊಂಡು ನಡೆದರು.

ಪ್ರಾರ್ಥನೆ ಮನೆಯಲ್ಲಿ ಆಗಲೇ ಒಂದು ನಾಟಕ ನಡೆದಿತ್ತು. ಒಂಬತ್ತು ಜನ ಬಂದಿದ್ದರು, ಒಂಬತ್ತೂ ವೇಷ. ಬಿನ್ಯಾಮಜ್ಜ ಜನ್ಮದಲ್ಲಿ ಬೈಕು ಹತ್ತಿದವರಲ್ಲ, ಮೊಮ್ಮಗನ ಹೆಲ್ಮೆಟ್ಟು ಹಾಕಿಕೊಂಡು ಬಂದಿದ್ದರು. ಒಬ್ಬರು ವಾಲಗದವರಂತೆ ಮುಂಡಾಸು ಸುತ್ತಿದ್ದರು. ಇನ್ನೊಬ್ಬರು ಹೆಂಡತಿಯ ಶಾಲು ಹೊದ್ದು ಕೆನ್ನೆಗೆ ಹಲ್ಲುನೋವಿನ ಪಟ್ಟಿ ಕಟ್ಟಿಕೊಂಡಿದ್ದರು. ಒಬ್ಬರಿಗೊಬ್ಬರು ಗುರುತು ಸಿಗದೆ, ಯಾರೋ ಬೇರೆಯವರು ಬಂದು ಸೇರಿಕೊಂಡಿದ್ದಾರೆ ಅಂತ ಪ್ರತಿಯೊಬ್ಬರೂ ಗೋಡೆಗೆ ಅಂಟಿಕೊಂಡು ನಿಂತಿದ್ದರಂತೆ. ಅಷ್ಟರಲ್ಲಿ ಓಣಿಯಲ್ಲಿ ನಮ್ಮ ಮೆರವಣಿಗೆಯ ಗದ್ದಲ. ಬಾಗಿಲಿಗೆ ಅಗಳಿ ಬಿತ್ತು.

ಇವರು ಬಾಗಿಲು ಬಡಿದರು. ಪಕ್ಕದ ಕಿಟಕಿ ಒಂದು ಗೇಣು ತೆರೆಯಿತು. ಒಳಗೆ ಹೆಲ್ಮೆಟ್ಟು.

"ಯಾರದು?"

"ನಾನು ಅಜ್ಜ, ಹಸ್ಕೇಲ್."

"ಹಸ್ಕೇಲ್ ಅಂತ ಹೆಂಗ್ ನಂಬೋದು?"

"ಟೋಪಿ ಕಾಣ್ಸಲ್ವಾ?"

"ಇವತ್ತು ಟೋಪಿ ಹಾಕ್ಕೊಂಡ್ ಬರೋ ಹುಚ್ಚ ಯಾವನಿದಾನೆ?"

"ನಾನೇ ಆ ಹುಚ್ಚ. ಅಮ್ಮನ ದಿನ ಅಜ್ಜ, ಬಾಗ್ಲು ತೆಗೀರಿ."

ಬಿನ್ಯಾಮಜ್ಜ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಓಣಿಯನ್ನು ನೋಡಿದರು. "ತೆಗೆಯೋದ್ ಹೆಂಗೋ? ನೀನ್ ಒಳಗೆ ಬಂದ್ರೆ ಅಷ್ಟೂ ಜನ ನಿನ್ ಹಿಂದೆ ಒಳಗೆ ಬರ್ತಾರೆ. ಎಮ್ಮೆನೂ ಬರತ್ತೆ. ಈ ಕಟ್ಟಡ ತಡೆಯತ್ತಾ?"

ಅದೂ ಸರಿಯೇ. ಕಾಲು ಬಿಡಿಸದೆ ಒಳಗೆ ಹೋಗುವ ಹಾಗಿಲ್ಲ. ಮಾತಾಡದೆ ಕಾಲು ಬಿಡುವುದಿಲ್ಲ. ಹಿಂದೆ ಜನ ಒತ್ತುತ್ತಿದ್ದರು. "ಖಂಡಿಸಿ ಹಸ್ಕೇಲ್, ಒಂದ್ ಮಾತಲ್ಲಿ ಖಂಡಿಸಿಬಿಡಿ!" ಅಂತ ಮೇಷ್ಟ್ರು. "ಖಂಡಿಸ್ಬೇಡಿ, ಎದೆ ತಟ್ಕೊಂಡ್ ಹೇಳಿ!" ಅಂತ ವಕೀಲರು. ಇವರು ಗೋಡೆಗೆ ಮುಖ ಮಾಡಿ ನಿಂತೇ ಇದ್ದರು. ಒಳಗೆ ಒಂಬತ್ತು ಜನ, ಹೊರಗೆ ಹತ್ತನೆಯವರು, ನಡುವೆ ಒಂದು ಗೋಡೆ. ಅತ್ತೆಗೆ ಈ ವರ್ಷ ಒಂದು ಮಾತೂ ಸಲ್ಲುವುದಿಲ್ಲವಲ್ಲ ಅಂತ ನನಗೆ ಸಂಕಟವಾಯಿತು.

ಆಗ ಶಾಲು ಹೊದ್ದವರು ಒಳಗಿನಿಂದ, "ಅಜ್ಜ, ಗೋಡೆಯಾಚೆ ನಿಂತವ್ನು ಕಿಟಕೀಲಿ ಮುಖ ತೋರ್ಸಿದ್ರೆ ಲೆಕ್ಕಕ್ಕೆ ಸೇರ್ತಾನೆ ಅಂತ ಹಿರಿಯರು ಹೇಳಿಲ್ವಾ?" ಅಂದರು. ಹೇಳಿದ್ದಾರಂತೆ. ಆದರೆ ನಮ್ಮವರು ಅಷ್ಟಕ್ಕೇ ಒಪ್ಪುವವರೇ? ಮುಖ ಅಂದರೆ ಎಲ್ಲಿಯವರೆಗೆ, ಮೂಗಿನವರೆಗೋ ಗದ್ದದವರೆಗೋ ಅಂತ ಮುಂಡಾಸಿನವರು ಎತ್ತಿದರು. ಕಿವಿ ಮುಖಕ್ಕೆ ಸೇರಿತೋ ಇಲ್ಲವೋ ಅಂತ ಮತ್ತೊಬ್ಬರು. ಹೊರಗೆ ಊರಿಗೂರೇ ಕೂಗಾಡುತ್ತಿದೆ, ಒಳಗೆ ಒಂಬತ್ತು ಜನ ಕಿವಿಯ ಬಗ್ಗೆ ವಾದ ಮಾಡುತ್ತಿದ್ದಾರೆ. "ಅಯ್ಯೋ ನಿಮ್ಮ! ಕಿವಿನೂ ಸೇರಿಸ್ಕೊಂಡೇ ತಗೊಳ್ಳಿ!" ಅಂತ ನಾನು ಕಿರುಚಿದೆ. ಇವರು ಕಿಟಕಿಯನ್ನು ಪೂರ್ತಿ ತಳ್ಳಿ ತಲೆ, ಭುಜ, ಎದೆ ಎಲ್ಲ ಒಳಕ್ಕೆ ತೂರಿಸಿಬಿಟ್ಟರು.

ಊರಿಗೆ ಉಳಿದದ್ದು ಇವರ ಹಿಂಭಾಗ ಮತ್ತು ಎರಡು ಕಾಲು. ಅದನ್ನೇ ನೋಡುತ್ತ ಎರಡೂ ಪಂಗಡದವರು ಭಾಷಣಕ್ಕೆ ಕಿವಿ ಕೊಟ್ಟು ನಿಂತರು.

ಇವರು ಕದ್ದೀಷ್ ಶುರು ಮಾಡಿದರು. ಅದರಲ್ಲಿ ಸಾವಿನ ಹೆಸರೇ ಬರುವುದಿಲ್ಲ. ದೇವರು ದೊಡ್ಡವನು, ಅವನ ಹೆಸರು ದೊಡ್ಡದು ಅನ್ನುವುದು, ಕೊನೆಗೆ ಎಲ್ಲರಿಗೂ ನೆಮ್ಮದಿ ಕೊಡಲಿ ಅನ್ನುವುದು, ಇಷ್ಟೇ. ಯಾರಿಗೂ ಅರ್ಥವಾಗದ ಭಾಷೆ. ಆದರೆ ನನ್ನ ಗಂಡನ ದನಿ ಅಷ್ಟು ದೊಡ್ಡದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಡುವೆ ಒಂದು ಕಡೆ ಒಡೆಯಿತು, ಮತ್ತೆ ಸರಿಮಾಡಿಕೊಂಡರು. ಒಳಗಿನವರು "ಆಮೆನ್" ಅಂದರು. ನಮ್ಮೂರಿನ ಮೆರವಣಿಗೆಗೆ ಒಬ್ಬರು ಕೂಗಿದರೆ ಹಿಂದೆಯೇ ಕೂಗುವುದು ಚಟ. "ಆಮೆನ್!" ಅಂತ ಎಡದವರೂ ಬಲದವರೂ ಒಟ್ಟಿಗೆ ಕೂಗಿದರು. ಬಾಳೆಹಣ್ಣಿನವನಂತೂ ಮುಷ್ಟಿ ಎತ್ತಿ ಕೂಗಿದ. ಕದ್ದೀಷಿಗೆ ಹತ್ತು ಜನ ಸಾಕು. ನಮ್ಮತ್ತೆಗೆ ಇಡೀ ಚೌಕ ಸೇರಿತ್ತು.

ಮುಗಿದ ಕೂಡಲೇ ಕಾಲುಗಳು ಸಡಿಲವಾದವು. ಓಣಿಯ ತುಂಬ ಜನ ಪಾದ ಎತ್ತಿ ಎತ್ತಿ ನೋಡಿಕೊಂಡರು. ಸಡಿಲವಾಗದವರು ಒಬ್ಬರೇ, ನಮ್ಮವರು. ಕಿಟಕಿಯಲ್ಲಿ ಹೊಟ್ಟೆ ಸಿಕ್ಕಿಕೊಂಡಿತ್ತು.

"ಎಣ್ಣೆ ತನ್ರೋ!" ಅಂದ ಒಬ್ಬ. "ಇವತ್ತ್ ಶನಿವಾರ ಕಣೋ, ಅಂಗಡಿ ಇಲ್ಲ" ಅಂದ ಇನ್ನೊಬ್ಬ. ಸಮಿತಿಯವರು ಎಡಗಾಲು ಹಿಡಿದರು. ಅದನ್ನು ನೋಡಿ ಬಳಗದವರು ಬಲಗಾಲು ಹಿಡಿದರು. ಒಂದು ಪಂಗಡ ಆ ಕಡೆಗೆ ಎಳೆಯುವುದು, ಇನ್ನೊಂದು ಈ ಕಡೆಗೆ ಎಳೆಯುವುದು. ಒಳಗಿನಿಂದ ನಮ್ಮವರು ಅಯ್ಯಯ್ಯೋ ಅನ್ನುವುದು. ನನಗೆ ಎಲ್ಲಿತ್ತೋ ಸಿಟ್ಟು, "ಬಿಡ್ರೋ ಕಾಲು! ಎಲ್ರೂ ಬಿಡ್ರಿ! ಇವ್ರು ಹೋಗ್ಬೇಕಾಗಿರೋದು ಒಳಕ್ಕೆ!" ಅಂತ ಅರಚಿದೆ. ಬಿಟ್ಟರು. ನಾನು ಎರಡೂ ಕೈ ಕೊಟ್ಟು ಹಿಂದಿನಿಂದ ಒಂದೇ ಸಲ ನೂಕಿದೆ. ಇವರು ಬಿನ್ಯಾಮಜ್ಜನ ಮೇಲೆ ಹೋಗಿ ಬಿದ್ದರು. ಅವರು ಹೆಲ್ಮೆಟ್ಟು ಹಾಕಿದ್ದು ಒಳ್ಳೆಯದೇ ಆಯಿತು.

ಮೇಷ್ಟ್ರು ಕಿತ್ತ ತಂತಿ ಸುತ್ತಿಕೊಳ್ಳುತ್ತ ನನ್ನ ಹತ್ತಿರ ಬಂದರು. "ಮಿಲ್ಕಮ್ಮ, ಅವರು ಹೇಳಿದ್ದು ನಮಗೆ ತಿಳೀಲಿಲ್ಲ. ಯಾರ ಪರ ಮಾತಾಡಿದ್ರು?" ವಕೀಲರೂ ಕಿವಿ ನಿಮಿರಿಸಿದರು.

"ಅವರಮ್ಮನ ಪರ ಮೇಷ್ಟ್ರೇ. ಇವತ್ತು ನಮ್ಮತ್ತೆ ವರ್ಷದ ದಿನ" ಅಂದೆ.

ಮೇಷ್ಟ್ರು ತಲೆ ತಗ್ಗಿಸಿದರು. "ತಪ್ಪಾಯ್ತಮ್ಮ" ಅಂದರು. ವಕೀಲರು ಹಾರವನ್ನು ಏನು ಮಾಡುವುದು ಅಂತ ತೋಚದೆ ಕಿಟಕಿಯ ಕೊಂಡಿಗೆ ಹಾಕಿ ಹೋದರು. ಗುರುಪಾದನನ್ನು ಹುಡುಕಿದೆ, ಕಾಣಲಿಲ್ಲ.

ಸೋಮವಾರ ಬಂದ. ಗೋಣಿಚೀಲ ಮುಂದೆ ಇಟ್ಟು "ಹಿಂಡಿ ಅಕ್ಕ" ಅಂದ, ಏನೂ ಆಗದವನ ಹಾಗೆ. ಇವರು ಒಳಗೆ ಗಾಣ ರಿಪೇರಿ ಮಾಡುತ್ತಿದ್ದರು. ನಾನು ತಕ್ಕಡಿ ಕೆಳಗಿಟ್ಟೆ.

"ನಮ್ಮನ್ನ ಊರ್ ಬಿಡಿ ಅಂದ್ಯಲ್ಲೋ ಗುರುಪಾದ."

ಅವನ ಮುಖ ಕಪ್ಪಿಟ್ಟಿತು. "ಅಯ್ಯೋ, ಅದು ನಿಮ್ಗಲ್ಲ ಅಕ್ಕಾ. ನಿಮ್ಗ್ಯಾಕಂತೀನಿ? ಅದು ಅವರಿಗೆ ಅಂದಿದ್ದು."

"ಅವರು ಅಂದ್ರೆ ಯಾರು?"

"ಅವರೇ... ಅಲ್ಲಿರೋರು. ಅವರು."

"ಕಾಲು ನಿನ್ನದಲ್ಲ, ಒಪ್ಕೋತೀನಿ. ಬಾಯಿ ನಿಂದೇ ತಾನೆ? ನಿನ್ ಮುಂದೆ ನಡೀತಿದ್ದೋರು ಇವರೊಬ್ರೇ ಕಣೋ. ಅಲ್ಲಿರೋರು ಯಾರೂ ಇರ್ಲಿಲ್ಲ."

ಅವನು ಬಗ್ಗಿ ಗೋಣಿಚೀಲದ ಬಾಯಿ ಬಿಡಿಸಿದ. ಹಸುಗಳ ಮೇಲೆ ನನಗೇನು ಸಿಟ್ಟು, ಹಿಂಡಿ ತೂಗಿ ಕೊಟ್ಟೆ. ಯಾವಾಗಲೂ ಮೇಲೊಂದು ಹಿಡಿ ಕೊಸರು ಹಾಕುವವಳು ಆವತ್ತು ಹಾಕಲಿಲ್ಲ. ಅವನೂ ಕೇಳಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಹೋದ.

ಮರು ಶನಿವಾರ ನಾವು ಬೆಳಕು ಹರಿಯುವ ಮುಂಚೆಯೇ ಎದ್ದು ಸಿದ್ಧವಾದೆವು. ತಡವಾಗುವ ಗೊಡವೆಯೇ ಬೇಡ ಅಂತ. ಚೌಕದಲ್ಲಿ ಮತ್ತೆ ಜಮಖಾನೆಗಳಿದ್ದವು, ಮತ್ತೆ ಕುರ್ಚಿಗಳಿದ್ದವು. ಸಮುದ್ರದಾಚೆ ಯುದ್ಧವೂ ನಿಂತಿರಲಿಲ್ಲ. ಕೆಲವರು ಟೋಪಿ ನೋಡಿ ಮುಖ ತಿರುಗಿಸಿದರು. ಇವರು ಮಾತ್ರ ಟೋಪಿ ಸರಿಮಾಡಿಕೊಂಡು, ಬಸವನಹುಳುವೂ ನಾಚುವಷ್ಟು ನಿಧಾನವಾಗಿ, ಒಂದೊಂದು ಹೆಜ್ಜೆಯನ್ನೂ ಇಡಲೋ ಬೇಡವೋ ಅಂತ ಇಡುತ್ತ ನಡೆದರು. ಅಷ್ಟು ನಿಧಾನಕ್ಕೆ ನಮ್ಮೂರಲ್ಲಿ ಒಂದು ಕೋಳಿಯೂ ಹಿಂದೆ ಬರುವುದಿಲ್ಲ.

ಆದರೂ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ನಾವು ನಿಂತರೆ ಅದೂ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಇವರ ತೋಳು ಹಿಡಿದುಕೊಂಡು ಗಕ್ಕನೆ ತಿರುಗಿದೆ.

ಗುರುಪಾದ. ಹಾಲಿನ ಕ್ಯಾನಿಲ್ಲ, ಬಾವುಟವಿಲ್ಲ, ಬರಿಗೈ. ತಲೆ ಬಾಚಿಕೊಂಡಿದ್ದ.

"ಯಾಕೋ? ಕಾಲು ಎಳ್ಕೊಂಡ್ ಬಂತಾ?" ಅಂದೆ.

"ಇಲ್ಲ ಅಕ್ಕ" ಅಂದ. "ಯಾರೂ ಎಳೀಲಿಲ್ಲ. ನಾನೇ ಬಂದೆ."

ನಾನು ಇವರ ಮುಖ ನೋಡಿದೆ. ಇವರು ಮುಂದಿನ ಹೆಜ್ಜೆ ಇಟ್ಟರು. ಚೌಕ ದಾಟುವವರೆಗೂ ಮೂವರೂ ಹಾಗೇ ನಡೆದೆವು. ಯಾರೂ ಏನೂ ಕೂಗಲಿಲ್ಲ.